ಬಾಗಿಲ ಹಾಡಿನ ಟಕ್ ಟಕ್

ಗುಬ್ಬಿಗೆ ಆ ಅಡ್ಡಹೆಸರು ಬಂದದ್ದು ಕಂಠದಿಂದಲ್ಲ, ಒಂದು ಕಡೆ ಕೂರಲಾರದ ಸ್ವಭಾವದಿಂದ. ವಾರವಿಡೀ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ಅದೇ ಬೀದಿಯ ಕಾಫಿ ಹೋಟೆಲಿನ ಮೂಲೆಯಲ್ಲಿ, ಗೇಣೆತ್ತರದ ಹಲಗೆಯ ಮೇಲೆ ಗಿಟಾರ್ ಹಿಡಿದು ಅರ್ಧ ಗಂಟೆ ಹಾಡುತ್ತಿದ್ದಳು. ಎಲ್ಲವೂ ತಾನೇ ಬರೆದು ತಾನೇ ರಾಗ ಹಾಕಿದ ಹಾಡುಗಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವಳಿಗೆ ಅಂಥ ಹೆಗ್ಗಣಗಳು ಇಪ್ಪತ್ತೆರಡಿದ್ದವು.

ಅದಕ್ಕೂ ಮೊದಲು ಒಂಬತ್ತು ವರ್ಷ ಅವಳು ಭಾವನ ತಂಡದಲ್ಲಿ ಹಾಡಿದ್ದಳು. ಭಾವ ಅಂದರೆ ಅಕ್ಕನ ಗಂಡ. ಹೊಟ್ಟೆಪಾಡಿಗೆ ಫ್ರಿಜ್ ರಿಪೇರಿ, ಪ್ರಾಣಕ್ಕೆ ಕೀಬೋರ್ಡು. ಮದುವೆ, ಹುಟ್ಟುಹಬ್ಬ, ಬೀಳ್ಕೊಡುಗೆ, ಎಲ್ಲಿ ಕರೆದರೂ ಹೋಗಿ ಜನರಿಗೆ ಬಾಯಿಪಾಠವಾದ ಹಳೆಯ ಹಾಡುಗಳನ್ನು ನುಡಿಸುವ ತಂಡ ಅದು. ಭಾವನದು ಒಂದೇ ಕಟ್ಟುನಿಟ್ಟು: ಮೂಲದಲ್ಲಿ ಹೇಗಿದೆಯೋ ಹಾಗೇ ಬರಬೇಕು. ಮೊದಲು ಹಾಡಿದವರು ಉಸಿರು ತೆಗೆದುಕೊಂಡ ಕಡೆಯೇ ಉಸಿರು, ಎಳೆದ ಕಡೆಯೇ ಎಳೆತ. "ನಿನ್ನ ಕೈಚಳಕ ಮನೇಲಿಟ್ಟು ಬಾರಮ್ಮ," ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಹಳೆಯ ಹಾಡಿನ ಒಂದೇ ಸಾಲಿಗೆ ಭಾವ ಅವಳನ್ನು ಮೂರು ಸಲ ನಿಲ್ಲಿಸಿದರು. ನಾಲ್ಕನೆಯ ಸಲ ಗುಬ್ಬಿ ಮೈಕು ಕೆಳಗಿಟ್ಟಳು.

"ನಾನಿನ್ನು ಯಾರ ಎಂಜಲೂ ಹಾಡಲ್ಲ ಭಾವ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ಏನೂ ವಾದ ಮಾಡದೆ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿ, "ಆಯ್ತಮ್ಮ," ಅಂದರು. ಅದೇ ವಾರ ಗುಬ್ಬಿ ತನ್ನ ಮೊದಲ ಹಾಡು ಬರೆದಳು. ಎತ್ತಿ ಹಾಕದಿದ್ದರೆ ಮುಚ್ಚದ ತನ್ನ ಮನೆಯ ಹಳೇ ಬಾಗಿಲಿನ ಬಗ್ಗೆ. ಅಡುಗೆಮನೆಯಲ್ಲೇ ಕೂತು ಫೋನಿನಲ್ಲಿ ಹಾಡಿ ಅಕ್ಕನಿಗೆ ಕಳಿಸಿದಳು. "ಚೆನ್ನಾಗಿದೆ" ಎಂದು ಅಕ್ಕ ಒಂದೇ ಪದ ಬರೆದಳು. ಅಲ್ಲಿಂದೀಚೆಗೆ ಅಕ್ಕತಂಗಿಯರು ಹಾಡೊಂದು ಬಿಟ್ಟು ಮಿಕ್ಕೆಲ್ಲ ಮಾತಾಡುತ್ತಿದ್ದರು. ಭಾವನ ತಂಡ ನುಡಿಸುವ ಕಡೆಗೆ ಗುಬ್ಬಿ ತಲೆ ಹಾಕಿಯೂ ಮಲಗಲಿಲ್ಲ.

ಹೋಟೆಲಿನಲ್ಲಿ ಒಂದು ಪದ್ಧತಿಯಿತ್ತು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ. ಬಂದವರು ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬೇಕು. ಹಳೇ ಹಾಡಿನ ತಂಡಗಳು ಬಂದ ದಿನ ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಗುಬ್ಬಿಯ ಹಾಡು ಕೇಳಿ ಇಲ್ಲಿಯವರೆಗೆ ಒಂದು ಚೀಟಿಯೂ ಬಂದಿರಲಿಲ್ಲ. ಹೆಸರೇ ಗೊತ್ತಿಲ್ಲದ ಹಾಡನ್ನು ಪಾಪ ಯಾರು ಕೇಳುತ್ತಾರೆ?

ತಿಂಗಳ ಮೊದಲಲ್ಲಿ ಹೋಟೆಲಿನ ಯಜಮಾನಿ ಅವಳನ್ನು ಕರೆದು ಕೂರಿಸಿದಳು. "ನೀನು ಹಾಡೋವಾಗ ಜನ ಎದ್ದೇನೂ ಹೋಗಲ್ಲ ಗುಬ್ಬಿ, ಅದು ನಿಜ. ಆದ್ರೆ ನಿನಗೋಸ್ಕರ ಯಾರೂ ಬರಲ್ಲ. ಕೊನೇ ಭಾನುವಾರದ ತನಕ ನೋಡೋಣ. ನಿನ್ನ ಹಾಡು ಬೇಕು ಅಂತ ಒಂದೇ ಒಂದು ಚೀಟಿ ಬರಲಿ, ಈ ಜಾಗ ನಿಂದೇ. ಬರಲಿಲ್ಲಾಂದ್ರೆ ಹಳೇ ಹಾಡಿನವರಿಗೆ ಕೊಡ್ತೀನಿ."

ಚೀಟಿ ತಾನೇ ಬರೆದು ಹಾಕುವುದು ಎಷ್ಟರ ಕೆಲಸ? ಗುಬ್ಬಿ ಬರೆದೂ ಬರೆದಳು. ಬರೆದದ್ದನ್ನು ಓದಿ, ನಾಚಿಕೆಯಾಗಿ, ಹರಿದು ಹಾಕಿದಳು. ಚೀಟಿ ಬರದಿದ್ದರೆ ಹಾಡು ಬರೆಯುವುದನ್ನೇ ಬಿಟ್ಟುಬಿಡಬೇಕು ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಳು.

ಕೊನೇ ಭಾನುವಾರ ಬಂತು. ಯಜಮಾನಿ ಡಬ್ಬಿ ಸುರಿದಳು. ಒಂಬತ್ತು ಚೀಟಿ ಹಳೇ ಹಾಡುಗಳವು. ಉಳಿದ ಮೂರನ್ನು ಅವಳು ಕಣ್ಣು ಕಿರಿದು ಮಾಡಿ ಓದಿದಳು. "ಬಾಗಿಲ ಹಾಡು, ಟಕ್ ಟಕ್ ಬರುತ್ತಲ್ಲ, ಅದು. ಮೂರರಲ್ಲೂ ಇದೇ. ಯಾವುದೋ ಹಳೇ ಹಾಡಿರಬೇಕು. ನಿಂಗೆ ಬರುತ್ತಾ?"

ಗುಬ್ಬಿಗೂ ಒಂದು ಬಾಗಿಲ ಹಾಡಿತ್ತು, ಆದರೆ ಅದರಲ್ಲಿ ಟಕ್ಕೂ ಇಲ್ಲ ಪಕ್ಕೂ ಇಲ್ಲ. "ಇಲ್ಲ," ಅಂದಳು. ಹಲಗೆ ಹತ್ತಿದಳು. ಹೇಗೂ ಇದೇ ಕೊನೆ, ಇಲ್ಲಿ ಒಮ್ಮೆಯೂ ಹಾಡದ ತನ್ನ ಮೊದಲ ಹಾಡನ್ನೇ ಹಾಡಿ ಮುಗಿಸೋಣ ಎಂದು ತಂತಿ ಮೀಟಿದಳು.

"ಎತ್ತಿ ಹಾಕು ಬಾಗಿಲ, ಎಳೆದರದು ಅಳುವುದು..."

ಮೂರನೇ ಮೇಜಿನಲ್ಲಿ ನಿವೃತ್ತ ನರ್ಸಮ್ಮ ಒಬ್ಬರು ಕಾಫಿ ಲೋಟ ಕೆಳಗಿಟ್ಟರು. ಎರಡನೇ ಸಾಲಿಗೆ ಅವರ ತುಟಿ ಅಲ್ಲಾಡಿತು. ಮೂರನೇ ಸಾಲಿಗೆ ಕಿಟಕಿಯ ಪಕ್ಕದ ಗಂಡಹೆಂಡತಿ ದನಿಗೂಡಿಸಿದರು. ತನ್ನ ಮನೆಯ ಗೋಡೆಗೆ ಮತ್ತು ಅಕ್ಕನಿಗೆ ಬಿಟ್ಟು ಯಾರಿಗೂ ಗೊತ್ತಿರದ ಮಾತುಗಳು ಅಪರಿಚಿತರ ಬಾಯಲ್ಲಿ ಬರುತ್ತಿದ್ದುದನ್ನು ಕೇಳಿ ಗುಬ್ಬಿಯ ಮೈ ಜುಮ್ಮೆಂದಿತು. ಹೇಗೋ ಸಾವರಿಸಿಕೊಂಡು ಮುಂದುವರಿದಳು. "ಹೊರಗೆ ಯಾರು ಎಂದರೆ, ನಾನೇ, ಇನ್ನಾರು..."

ಟಕ್ ಟಕ್ ಎಂದು ಇಡೀ ಹೋಟೆಲು ಮೇಜು ಬಡಿಯಿತು. ಆ ಸದ್ದು ಸರಿಯಾಗಿ ಅವಳ 'ನಾನೇ' ಮೇಲೆ ಬಿದ್ದು ತಾಳ ತಪ್ಪಿತು. ಗುಬ್ಬಿ ನಿಂತುಬಿಟ್ಟಳು.

"ಅಲ್ಲ ಕಣಮ್ಮ," ಎಂದರು ನರ್ಸಮ್ಮ, ಸೂಜಿ ಚುಚ್ಚುವ ಮೊದಲಿನ ಸಮಾಧಾನದ ದನಿಯಲ್ಲಿ. "ಯಾರು ಎಂದರೆ ಅಂತ ಹೇಳಿ ನಿಲ್ಲಿಸ್ಬೇಕು. ಟಕ್ ಟಕ್ ಆದ್ಮೇಲೆ ನಾನೇ ಅನ್ನೋದು. ಹಾಡೋದಾದ್ರೆ ಸರಿಯಾಗಿ ಕಲ್ತು ಹಾಡು."

"ನಿಮಗೆ ಈ ಹಾಡು ಹೇಗೆ ಗೊತ್ತು?"

"ನನ್ನ ಮೊಮ್ಮಗಳ ಮದುವೇಲಿ ಆ ಫ್ರಿಜ್ ರಿಪೇರಿಯವರ ತಂಡ ನುಡಿಸ್ತಲ್ಲ. ಅವರು ಬಹಳ ಚೆನ್ನಾಗಿ ನುಡಿಸ್ತಾರೆ." ಹುಡುಗಿಯ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ನೀನೂ ಪರವಾಗಿಲ್ಲ."

ಆಗ ಗುಬ್ಬಿಗೆ ಹಾಲು ನೆನಪಾಯಿತು. ಅಕ್ಕನಿಗೆ ಕಳಿಸಲೆಂದು ಫೋನಿನಲ್ಲಿ ಹಾಡುತ್ತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿ ಬಂದಿತ್ತು. 'ಯಾರು ಎಂದರೆ' ಅನ್ನುವಷ್ಟರಲ್ಲಿ ಕೈ ಚಾಚಿ ಒಲೆ ಆರಿಸಿ, ಸೌಟು ಪಕ್ಕಕ್ಕಿಟ್ಟು, ಮತ್ತೆ ಹಾಡು ಹಿಡಿದಿದ್ದಳು. ಒಲೆಯ ತಿರುಪು ಒಂದು ಟಕ್, ಸೌಟು ಇನ್ನೊಂದು ಟಕ್.

ಅವಳು ಮೊದಲಿನಿಂದ ಹಾಡಿದಳು. ಈ ಸಲ ನಿಲ್ಲಿಸಿದಳು. ಹೋಟೆಲು ಬಾಗಿಲು ತಟ್ಟಿತು. "ನಾನೇ," ಎಂದು ಸರಿಯಾದ ಜಾಗದಲ್ಲಿ ಹಾಡಿದಳು. ಅಂಥ ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಹಾಡು ಯಾರದೆಂದು ಗುಬ್ಬಿಯಿಂದ ತಿಳಿದು ಯಜಮಾನಿ ಮೂರು ಚೀಟಿಗಳನ್ನೂ ತಂದು ಅವಳ ಕೈಯಲ್ಲಿಟ್ಟು, "ಮುಂದಿನ ವಾರ ಬೇಗ ಬಾ," ಅಂದಳು.

ಗಿಟಾರ್ ಬೆನ್ನಿಗೆ ಹಾಕಿಕೊಂಡು ಗುಬ್ಬಿ ನೆಟ್ಟಗೆ ಅಕ್ಕನ ಮನೆಗೆ ನಡೆದಳು. ಸತ್ತ ಫ್ರಿಜ್ಜುಗಳ ನಡುವಿನ ಷೆಡ್ಡಿನಲ್ಲಿ ಅಭ್ಯಾಸ ಈಗಷ್ಟೇ ಮುಗಿದಿತ್ತು. ಭಾವ ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಿದ್ದರು. ಶಾಲೆಯ ವ್ಯಾನು ಓಡಿಸುವ ಡ್ರಮ್ಮಿನವನು ತಂತಿ ಸುತ್ತುತ್ತಿದ್ದ.

"ಭಾವ, ನನ್ನ ಹಾಡು ನುಡಿಸ್ತಿದ್ದೀರಂತೆ."

"ನಿಮ್ಮಕ್ಕ ಕೇಳಿಸಿದ್ಲು. ಚೆನ್ನಾಗಿತ್ತು. ಚೆನ್ನಾಗಿರೋದನ್ನ ನುಡಿಸೋದೇ ನಮ್ಮ ಕೆಲಸ."

"ಯಾರದು ಅಂತ ಹೇಳ್ತಿರ್ಲಿಲ್ವಾ?"

"ಮೊದಲ್ನೇ ಸಲ ಹೇಳ್ದೆ. ನಮ್ಮ ನಾದಿನಿ ಬರೆದಿದ್ದು ಅಂದ ತಕ್ಷಣ ಎಲ್ರೂ ಎದ್ದು ಊಟಕ್ಕೆ ಹೋದ್ರು. ಹಿತ್ತಲ ಗಿಡ ಮದ್ದಲ್ಲ ನೋಡು. ಆಮೇಲಿಂದ ಎರಡು ಹಳೇ ಹಾಡಿನ ಮಧ್ಯೆ ಸುಮ್ನೆ ಸೇರಿಸ್ಬಿಟ್ಟೆ. ಕೇಳಿ ಬಾಯಿಗೆ ಬಂದ್ಮೇಲೆ ಯಾರು ಹೋಗ್ತಾರೆ?"

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ತಿದ್ದೋಕೆ ಬರ್ತಿದ್ದೆ."

ಗುಬ್ಬಿ ಬೆನ್ನಿನ ಗಿಟಾರ್ ಇಳಿಸಿದಳು. "ಆ ಟಕ್ ಟಕ್ ಹಾಡಿಂದಲ್ಲ ಭಾವ. ಹಾಲು ಉಕ್ತು, ಒಲೆ ಆರಿಸಿದ ಸದ್ದು ಅದು."

ಡ್ರಮ್ಮಿನವನು ತಂತಿ ಕೆಳಗಿಟ್ಟ. "ಮೂರು ವಾರ ಒದ್ದಾಡಿದ್ದೀನಿ ನಾನು. ಎರಡ್ನೇ ಟಕ್ಕು ಸ್ವಲ್ಪ ಮೆತ್ತಗಿತ್ತು, ಅದಕ್ಕೇಂತ ಮನೆಯಿಂದ ಸೌಟೇ ತಂದು ನೋಡ್ದೆ. ಸರಿಹೋಯ್ತು."

ಮೂವರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಭಾವ ತಮ್ಮ ಹಾಡಿನ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಬರೆದವರು ಎನ್ನುವ ಕಡೆ ಗುಬ್ಬಿ ಎಂದಲ್ಲ, ಅವಳ ಪೂರ್ತಿ ಹೆಸರು. ಕೆಳಗೆ ಕೆಂಪು ಶಾಯಿಯಲ್ಲಿ: "ಇಲ್ಲಿ ಟಕ್ ಟಕ್ ಬಿಟ್ಟು ನಾಲ್ಕು ಎಣಿಕೆ ಸುಮ್ಮನಿರುವುದು. ಯಾರೂ ಕೈಚಳಕ ತೋರಿಸಬಾರದು."

"ಎಂಜಲು ಅಂದಿದ್ದು ನನ್ನ ತಪ್ಪು ಭಾವ," ಅಂದಳು ಗುಬ್ಬಿ. "ನನ್ನ ಹಾಡನ್ನ ನಾನೇ ಇಷ್ಟು ಜೋಪಾನ ಮಾಡಿರ್ಲಿಲ್ಲ. ನಿಮ್ಮ ಋಣ ಹೇಗೆ ತೀರಿಸ್ಲಿ?"

"ಋಣ ಗಿಣ ಏನಿಲ್ಲ. ಅಕ್ಕ ಕಾಫಿ ಮಾಡ್ತಿದ್ದಾಳೆ, ಕುಡಿದು ಹೋಗು."

ಗುಬ್ಬಿ ಹೋಗಲಿಲ್ಲ. ಮೂಲೆಯಲ್ಲಿದ್ದ ಮೈಕು ಎತ್ತಿಕೊಂಡಳು. "ಅವತ್ತು ಮೂರು ಸಲ ನಿಲ್ಲಿಸಿದ್ರಲ್ಲ, ಆ ಸಾಲು. ಅದನ್ನ ಮೊದಲು ಹಾಡಿದ ಆಯಮ್ಮ ಎಲ್ಲಿ ಉಸಿರು ತಗೋತಾರೆ, ಇನ್ನೊಂದ್ಸಲ ತೋರಿಸಿ."

ಭಾವ ಬಟ್ಟೆ ಸರಿಸಿ ನುಡಿಸಿದರು. ಸಾಲಿನ ನಟ್ಟನಡುವೆ, ಅರ್ಥಕ್ಕೂ ಸೇರದ ತಾಳಕ್ಕೂ ಬೇಡದ ಜಾಗದಲ್ಲಿ, ಒಂದು ಸಣ್ಣ ತಡೆ. ಹಿಂದೆ ಅದು ಅವಳಿಗೆ ಶುದ್ಧ ತಪ್ಪಾಗಿ ಕೇಳುತ್ತಿತ್ತು. ಯಾವ ಕಾಲದಲ್ಲಿ ಎಲ್ಲಿ ನಿಂತು ಹಾಡಿದಳೋ ಆ ತಾಯಿ, ಅವಳ ಒಲೆಯ ಮೇಲೆ ಏನು ಉಕ್ಕುತ್ತಿತ್ತೋ. ಗುಬ್ಬಿ ಅಲ್ಲೇ ತಡೆದು, ಅಷ್ಟೇ ಉಸಿರು ತೆಗೆದುಕೊಂಡು, ಮುಂದಕ್ಕೆ ಹಾಡಿದಳು.