ಅಕ್ಕನ ಮೂಗು

ಎಣ್ಣೆಯ ಕ್ಯಾನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಕ್ಕನ ಮನೆಯ ಗೇಟಿನೊಳಗೆ ತಮ್ಮ ಬಂದಾಗ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಈ ಮನೆಯ ಹೊಸಿಲು ತುಳಿದು ವರ್ಷಗಳೇ ಆಗಿದ್ದವು. ಬಂದ ಹೊತ್ತಾದರೂ ಎಂಥದ್ದು! ಒಳಗೆ ಅಕ್ಕನ ಹೆಣ, ಹೊರಗೆ ಅವಳನ್ನು ಒಯ್ಯಲು ಬಂದ ವ್ಯಾನು.

“ವ್ಯಾನಿನ ಟ್ಯಾಂಕು ಖಾಲಿಯಂತೆ ಪುಟ್ಟಿ. ಡ್ರೈವರು ಬಂಕಿಗೆ ಹೊರಟಿದ್ದ, ನಾನೇ ತಡೆದೆ. ಅಕ್ಕ ನನ್ನ ಕಾರ್ಖಾನೆ ಎಣ್ಣೇಲೇ ಹೋಗ್ಲಿ.”

ಪುಟ್ಟಿ ಎಂದರೆ ಅಕ್ಕನ ಮಗಳು. ಹೆಸರಿಗೆ ಪುಟ್ಟಿ, ತಲೆ ಆಗಲೇ ನರೆತಿದೆ.

“ಅಮ್ಮ ಬೇಡ ಅಂದಿದ್ದ ಎಣ್ಣೆ ಅಲ್ವಾ ಮಾವ?”

“ಅದಲ್ಲ ಕಣೇ. ಇದನ್ನ ಒಂದ್ಸಲ ಅವಳು ಮೂಸಿ ಹೇಳ್ಲಿ ಅಂತ ಕಾದೆ. ನಾನು ಬರ್ಲಿಲ್ಲ, ಅವಳು ಕರೀಲಿಲ್ಲ.”

*

ಬಸ್ಸು ಲಾರಿಗಳ ಡೀಸೆಲಿಗೆ, ಕರಿದು ಉಳಿದ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಲೇಬೇಕೆಂದು ಸರ್ಕಾರ ಕಾನೂನು ತಂದಿದ್ದ ಹೊಸತು ಅದು. ಹೊಸ ಎಣ್ಣೆ ಮುಟ್ಟುವಂತಿಲ್ಲ, ಅದು ಜನರ ಅಡುಗೆಗೆ. ತಮ್ಮನೂ ಒಂದು ಕಾರ್ಖಾನೆ ತೆರೆದ. ಹಳೇ ಎಣ್ಣೆ ಸಾಲಲಿಲ್ಲ. ಏನು ಮಾಡಿದ ಗೊತ್ತೇ ಮಹಾನುಭಾವ? ಹೊಸ ಎಣ್ಣೆಯನ್ನೇ ಕೊಪ್ಪರಿಗೆಯಲ್ಲಿ ಕಾಯಿಸಿ ಕಾಯಿಸಿ ಕಪ್ಪು ಮಾಡಿದ! ಪರೀಕ್ಷೆಗೆ ಬಂದ ಅಧಿಕಾರಿ ಬೇರೆ ಯಾರೂ ಅಲ್ಲ, ಅಕ್ಕ. ಇಲಾಖೆಯಲ್ಲಿ ಅವಳಿಗೆ ಮೂಗಮ್ಮ ಎಂದೇ ಅಡ್ಡಹೆಸರು.

“ಇದರಲ್ಲಿ ಒಂದು ಈರುಳ್ಳಿನೂ ಬೆಂದಿಲ್ಲ ಕಣೋ.”

“ಈ ಸಲ ಕಣ್ಣು ಮುಚ್ಕೊಳೇ ಅಕ್ಕ.”

“ಮುಚ್ಕೋತೀನಿ. ಮೂಗು ಏನ್ಮಾಡ್ಲಿ?”

ಬೀಗ ಜಡಿಸಿಯೇ ಹೋದಳು. ತಮ್ಮನೋ ಕ್ಯಾಂಟೀನು ಕ್ಯಾಂಟೀನು ಅಲೆದು ಹಳೇ ಎಣ್ಣೆ ಕೂಡಿಸಿ, ಕಾರ್ಖಾನೆಯನ್ನು ಮತ್ತೆ ಎತ್ತಿ ನಿಲ್ಲಿಸಿದ. ಅಕ್ಕ ಅತ್ತ ತಲೆ ಹಾಕಲಿಲ್ಲ, ಪರೀಕ್ಷೆಗೆ ಬೇರೆಯವರನ್ನು ಕಳಿಸಿದಳು. ಬಂದವರೆಲ್ಲ ಸರಿ ಎಂದರು. ಅವನಿಗೆ ಬೇಕಿದ್ದದ್ದು ಅವಳ ಬಾಯಿಂದ ಆ ಮಾತು.

*

ಪುಟ್ಟಿ ಮುಚ್ಚಳ ತಿರುವಿ, ಅಮ್ಮನ ಹಾಗೆಯೇ ಒಂದು ತೊಟ್ಟು ಬೆರಳಿಗೆ ಹಚ್ಚಿಕೊಂಡು ಮೂಸಿದಳು.

“ಅಯ್ಯೋ, ಹೊತ್ತಾಯ್ತಮ್ಮ,” ಎಂದ ಡ್ರೈವರು.

“ಇರಪ್ಪಾ.” ಮತ್ತೆ ಮೂಸಿದಳು. “ಈರುಳ್ಳಿ. ಆಲೂಗೆಡ್ಡೆ. ಎಲ್ಲೋ ಒಂಚೂರು ಮೀನೂ ಇದೆ.”

ಮಾವ ಒಂದು ಹೆಜ್ಜೆ ಹತ್ತಿರ ಬಂದ. “ಹಾಗಾದ್ರೆ?”

“ಹುಯ್ಯಿ ಮಾವ. ಅಮ್ಮನೂ ಇದನ್ನೇ ಹೇಳ್ತಿದ್ದಳು.”

ಅವನು ಎಲ್ಲರೆದುರು ಗಳಗಳ ಅತ್ತ. ಆದರೂ ಒಂದು ಹನಿ ಚೆಲ್ಲದೆ ತಾನೇ ಟ್ಯಾಂಕಿಗೆ ಹುಯ್ದ.

ವ್ಯಾನು ಮೆಲ್ಲಗೆ ಬೀದಿ ದಾಟಿತು, ಹಿಂದೆ ಜನ. ಮೂಲೆಯ ಕ್ಯಾಂಟೀನಿನ ಅಡುಗೆಯವನು ತಲೆಯ ಟೋಪಿ ತೆಗೆದು ಬಾಗಿಲಲ್ಲಿ ನಿಂತಿದ್ದ. ವ್ಯಾನು ಮುಂದೆ ಹೋದದ್ದೇ ಈರುಳ್ಳಿ ಕರಿದ ವಾಸನೆಗೆ ಮೂಗರಳಿಸಿದ. ಗಾಬರಿಯಿಂದ ಒಳಗೆ ತಿರುಗಿ ನೋಡಿದ. ಅವನ ಒಲೆ ಇನ್ನೂ ಹೊತ್ತಿರಲಿಲ್ಲ.