ಬೇಗಡೆ ಸುತ್ತಿದ ಕತ್ತಿ

ಸೈನಿಕನೊಬ್ಬ ಬೆನ್ನು ತಾಗಿಸಿದ್ದೇ ತಡ, ಮಾಂತ್ರಿಕನ ಗುಹೆಯ ಕಲ್ಲುಗೋಡೆ ಒಣಹಾಕಿದ ಸೀರೆಯ ಹಾಗೆ ಅಲುಗಾಡಿತು. ಚಿತ್ರಮಂದಿರದಲ್ಲಿದ್ದ ಮುನ್ನೂರು ಜನ ಒಟ್ಟಿಗೆ ನಕ್ಕರು. ಬಡಗಿಯೂ ನಕ್ಕ. ಗೋಣಿತಾಟಿಗೆ ಮೈದಾ ಅಂಟು ಬಳಿದು, ಮೇಲೆ ಬೂದಿ ಎರಚಿ ಆ ಗುಹೆಯನ್ನು ಕಟ್ಟಿದವನು ಅವನೇ. ನಲವತ್ಮೂರು ವರ್ಷದ ಹಿಂದೆ, ಎರಡೂವರೆ ದಿನದಲ್ಲಿ.

ಯಾವುದೋ ಗೋದಾಮಿನಲ್ಲಿ ಬಿದ್ದಿದ್ದ ರೀಲುಗಳನ್ನು ಕಾಲೇಜಿನ ಹುಡುಗರು ಪತ್ತೆಹಚ್ಚಿ, ತೊಳೆದು, ಹೊಳಪು ಕೊಟ್ಟು ಭಾನುವಾರ ಮಧ್ಯಾಹ್ನದ ಆಟಕ್ಕೆ ಇಟ್ಟಿದ್ದರು. ಚಿತ್ರಕ್ಕೆ ದುಡಿದವರಲ್ಲಿ ಅವರಿಗೆ ಸಿಕ್ಕವರು ಇಬ್ಬರೇ. ಒಬ್ಬ ಬಡಗಿ. ಇನ್ನೊಬ್ಬ ಅವನ ಎಡಗಡೆ ಕೂತಿದ್ದ ರಾಕ್ಷಸ. ಕೊಂಬು, ಕೋರೆಹಲ್ಲು ಕಟ್ಟಿಕೊಂಡು ಏಳು ಚಿತ್ರಗಳಲ್ಲಿ ಸತ್ತವನು. ಈಗ ಎಪ್ಪತ್ಮೂರು ವರ್ಷ, ಒಣಗಿದ ಕಡ್ಡಿಯಂಥ ಮೈ, ಆದರೂ ಹಳಬರ ಬಾಯಲ್ಲಿ ಅದೇ ಹೆಸರು. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಉಳಿದವು ಇಲ್ಲ. ಆ ಕೈಯನ್ನು ಅಭ್ಯಾಸದಂತೆ ಅಂಗಿಯ ಕೆಳಗೆ ಇಟ್ಟುಕೊಂಡಿದ್ದ.

ಬಡಗಿಯ ಬಲಗಡೆ ರಾಕ್ಷಸನ ಮಗಳು. ಅಪ್ಪನನ್ನು ಕರೆತಂದವಳು ಅವಳೇ, ಆದರೆ ಮಧ್ಯೆ ಬಡಗಿಯನ್ನು ಕೂರಿಸಿಕೊಂಡಿದ್ದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಮಾವ, ಆ ಹಲ್ಲಿಗೆ ರೆಕ್ಕೆ ಕಟ್ಟಿದ್ದು ಯಾರು?"

"ಹಲ್ಲಿ ಅಲ್ಲ ಕಣಮ್ಮ, ಅದು ಡ್ರ್ಯಾಗನ್."

"ಅದಕ್ಕೆ ಗೊತ್ತಿತ್ತಾ?"

ಡ್ರ್ಯಾಗನ್ ಬಾಯಿಂದ ಹೊಗೆ ಬಿಡುವ ರಬ್ಬರ್ ಕೊಳವೆ ನಿಚ್ಚಳವಾಗಿ ಕಾಣುತ್ತಿತ್ತು. ಶಾಲೆಯಿಂದ ಎರವಲು ತಂದಿದ್ದ ಅಸ್ಥಿಪಂಜರದ ನೆತ್ತಿಯಲ್ಲಿ ನೇತುಹಾಕುವ ಕೊಕ್ಕೆ ಹಾಗೇ ಇತ್ತು. ಕತ್ತಿಗೆ ಕತ್ತಿ ತಾಗಿದಾಗ ಖಣಿಲ್ ಎಂಬ ಸದ್ದಿನ ಜೊತೆ ಎರಡೂ ಕತ್ತಿಗಳು ಬಳುಕುತ್ತಿದ್ದವು. ಪ್ರತಿ ಬಳುಕಿಗೂ ಜನ ಚಪ್ಪಾಳೆ ಹೊಡೆದರು. ಅದರಲ್ಲಿ ಗೇಲಿಗಿಂತ ಅಕ್ಕರೆಯೇ ಹೆಚ್ಚಿತ್ತು. ಬಡಗಿಗೆ ಎದೆ ಹಿಗ್ಗಿತು. ರಾಕ್ಷಸ ಪರದೆಯ ಮೇಲೆ ಓಲಾಡುತ್ತ ಬಂದ.

"ಅಪ್ಪ ಎಷ್ಟು ಸಹಜವಾಗಿ ತೂರಾಡ್ತಾರೆ ನೋಡಿ," ಎಂದಳು ಮಗಳು. "ನಟನೆನೋ, ಬೇರೇನೋ."

ಬಡಗಿ ಕೇಳಿಸದವನಂತೆ ಇದ್ದ. ರಾಕ್ಷಸನೂ ಹಾಗೇ ಇದ್ದ.

ಆಮೇಲೆ ಆ ಶಾಟ್ ಬಂತು. ಪಾತಾಳದ ಸೆಟ್ಟು. ಸೊಂಟದವರೆಗೆ ಹೊಗೆ. ರಾಕ್ಷಸ ಎಡಗೈಯಲ್ಲಿ ಬೆತ್ತಕ್ಕೆ ಕಾಗದ ಅಂಟಿಸಿದ ಗುರಾಣಿ ಎತ್ತಿ ಹಿಡಿದಿದ್ದಾನೆ. ನಾಯಕನ ಡ್ಯೂಪ್ ಓಡಿಬಂದು ಎರಡೂ ಕೈಯಲ್ಲಿ ಕತ್ತಿ ಬೀಸಿದ. ಕತ್ತಿ ಬಳುಕಲಿಲ್ಲ. ಗುರಾಣಿಯ ಅಂಚು ಸೀಳಿಕೊಂಡು ಗೇಣುದ್ದ ಒಳಗೆ ಇಳಿದು ನಿಂತಿತು. ಮೇಲೆ ಸುತ್ತಿದ್ದ ಹೊಳೆಯುವ ಬೇಗಡೆ ಹಾಳೆ ಹರಿದು ಜೋತುಬಿತ್ತು. ಅದರ ಕೆಳಗೆ ಕಪ್ಪು ಕಬ್ಬಿಣ. ರಾಕ್ಷಸನ ಮುಖ ಕಿವುಚಿಕೊಂಡಿತು, ಬಾಯಿ ತೆರೆಯಿತು. ಅವನ ಕೂಗಿನ ಜಾಗದಲ್ಲಿ ಸಿಂಹದ ಘರ್ಜನೆ ಹಾಕಿದ್ದರು. ಹೊಗೆಯೊಳಗೆ ಕುಸಿದ.

"ಅಂತೂ ಒಂದು ಗಟ್ಟಿ ಕತ್ತಿ ಸಿಕ್ತಪ್ಪ," ಎಂದು ಹಿಂದಿನಿಂದ ಯಾರೋ ಹೇಳಿದರು. ಶಿಳ್ಳೆ ಬಿತ್ತು. ರಾಕ್ಷಸನ ನಟನೆಗೆ ಚಿತ್ರಮಂದಿರವೇ ಚಪ್ಪಾಳೆ ತಟ್ಟಿತು.

ಬಡಗಿ ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಎದೆಯ ಮುಂದೆ ಹಾಗೇ ನಿಂತವು.

ಮರದ ಕತ್ತಿಗಳು ಆರು, ಕಬ್ಬಿಣದ್ದು ಒಂದು. ಹತ್ತಿರದ ಶಾಟಿಗೆ ಮಾತ್ರ ಕಬ್ಬಿಣದ್ದು. ಎರಡರ ಹೊಳಪು ಹೊಂದುತ್ತಿಲ್ಲ ಎಂದು ನಿರ್ದೇಶಕ ರೇಗಿದ್ದಕ್ಕೆ ಬಡಗಿ ಆವತ್ತು ಬೆಳಿಗ್ಗೆ ಕಬ್ಬಿಣದ ಅಸಲಿಗೂ ಬೇಗಡೆ ಸುತ್ತಿ ನಕಲಿಯಂತೆ ಮಾಡಿದ್ದ. ಏಳನ್ನೂ ಸಾಲಾಗಿ ಒಣಗಲು ಇಟ್ಟಿದ್ದ. ಯಾವುದು ಯಾವುದೆಂದು ಎತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಡ್ಯೂಪ್ ಆವತ್ತೇ ಬಂದ ಹೊಸಬ. ತೂಕ ಅವನಿಗೇನು ಗೊತ್ತು. ಬಡಗಿಯ ಎರಡೂ ಕೈ ಅಂಟಾಗಿತ್ತು. "ಆ ಕೊನೇದು ತಗೊಳ್ಳಪ್ಪ," ಎಂದು ಗದ್ದ ಎತ್ತಿ ತೋರಿಸಿದ. ಸಾಲಿಗೆ ಎರಡು ಕೊನೆ, ಒಂದರಲ್ಲಿ ಮರದ್ದು, ಇನ್ನೊಂದರಲ್ಲಿ ಕಬ್ಬಿಣದ್ದು. ಹೊಸಬ ಎದುರುಗಡೆ ನಿಂತಿದ್ದ.

ಅನಾಹುತದ ಮರುದಿನ ಕಂಪನಿಯವರು ವಿಚಾರಿಸಿದಾಗ ಬಡಗಿ ಹೇಳಿದ್ದು: "ಮರದ್ದನ್ನೇ ಕೊಟ್ಟೆ, ನನ್ನ ಕೈಯಾರೆ ಕೊಟ್ಟೆ." ಕೈಯಾರೆ ಎಂಬುದು ಸುಳ್ಳು. ಮರದ್ದು ಎಂಬುದು ನಂಬಿಕೆ. ಹೇಳಿ ಹೇಳಿ ಎರಡೂ ಒಂದೇ ಆಗಿಹೋಗಿದ್ದವು. ಗಲಾಟೆಯಲ್ಲಿ ಯಾರೋ ಕತ್ತಿಗಳನ್ನೆಲ್ಲ ಗೋಣಿಚೀಲಕ್ಕೆ ತುರುಕಿದ್ದರು; ಅವನು ಬಿಚ್ಚಿ ನೋಡಲಿಲ್ಲ. ಚಿತ್ರವನ್ನು ಹಿಂದೆ ಒಮ್ಮೆ ನೋಡಿದ್ದ, ಆ ಸವೆದ ಪ್ರತಿಯಲ್ಲಿ ಪಾತಾಳವೆಲ್ಲ ಬರೀ ಕತ್ತಲೆ. ಮರದ ಕತ್ತಿಯಿಂದ ಬೆರಳು ಹೋಗುವುದಿಲ್ಲ. ಹಾಗಾದರೆ ರಾಕ್ಷಸ ಕುಡಿದು ಬಂದು, ಹೊಗೆಯಲ್ಲಿ ಮುಗ್ಗರಿಸಿ, ಸೆಟ್ಟಿನ ನೆಲಬಾಗಿಲಿನ ಕಬ್ಬಿಣದ ಪಟ್ಟಿಗೆ ಕೈ ಕೊಟ್ಟಿರಬೇಕು. ಹೀಗೆಂದು ಕಂಪನಿ ತೀರ್ಮಾನಿಸಿತು. ಮತ್ತೆ ಯಾರೂ ರಾಕ್ಷಸನನ್ನು ಕೆಲಸಕ್ಕೆ ಕರೆಯಲಿಲ್ಲ. ಹೆಂಡತಿ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ತವರಿಗೆ ಹೋದಳು.

ಮಧ್ಯಂತರದ ದೀಪ ಹತ್ತಿತು. ಮಗಳು ಫೋನು ಹಿಡಿದು ಕೂತಳು. ಇಬ್ಬರು ಮುದುಕರು ಹೊರಗೆ ನೀರಿನ ಯಂತ್ರದ ಹತ್ತಿರ ಬಂದರು. ಶಾಟ್ ತೆಗೆಯುವಾಗ ಹೊಗೆಯಾದರೆ ಈಗ ವಯಸ್ಸು, ಕತ್ತಿಯ ಕಬ್ಬಿಣ ರಾಕ್ಷಸನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಕಣ್ಣಿಗೆ ಪೊರೆ. ತನ್ನ ನಟನೆಗೆ ಬಿದ್ದ ಚಪ್ಪಾಳೆಯ ಗುಂಗಿನಲ್ಲೇ ಇದ್ದ. ಇದನ್ನು ಬಲ್ಲವರು ಬೇರೆ ಯಾರೂ ಬದುಕಿಲ್ಲ, ಬಾಯಿ ಮುಚ್ಚಿಕೊಂಡರೆ ಮುಗಿಯಿತು ಎಂದು ಬಡಗಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಾಚಿ, ಲೋಟದ ನೀರನ್ನು ಕುಡಿಯದೆ ಕೆಳಗಿಟ್ಟ.

"ಆ ಏಟು ಮರದ್ದಲ್ಲ ಕಣೋ," ಎಂದ. "ಕಬ್ಬಿಣದ್ದು. ಈಗ ಕಣ್ಣಾರೆ ಕಂಡೆ. ನಾನು ಕೈಯಾರೆ ಕೊಡಲಿಲ್ಲ ಅವತ್ತು. ಗದ್ದದಲ್ಲಿ ತೋರಿಸಿದೆ, ಅಷ್ಟೆ."

ಅಂಟು, ಬೇಗಡೆ, ಸಾಲಿನ ಕೊನೆ, ಎಲ್ಲವನ್ನೂ ಹೇಳಿದ. ರಾಕ್ಷಸ ಎಡಗೈಯನ್ನು ಅಂಗಿಯ ಕೆಳಗಿನಿಂದ ತೆಗೆದು, ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡ.

"ಹಿಂದಿನ ರಾತ್ರಿ ಎರಡು ಗುಟುಕು ಹಾಕಿದ್ದೆ," ಎಂದ ಕೊನೆಗೆ. "ಬೆಳಿಗ್ಗೆ ಸರಿಯಾಗೇ ಇದ್ದೆ. ಆದ್ರೆ ಎಲ್ಲರೂ ಒಂದೇ ಮಾತು ಹೇಳಿದ್ರಲ್ಲ. ನೀನೂ ಹೇಳಿದೆ. ಅಮಲು ಇಳಿದಿರಲಿಲ್ಲವೇನೋ ಅಂದ್ಕೊಂಡೆ. ಮಗಳ ಅಮ್ಮ ಕೇಳಿದಾಗ, ಹೌದು, ಕುಡಿದಿದ್ದೆ ಅಂತ ನಾನೇ ಒಪ್ಕೊಂಡೆ."

ಜನ ತನ್ನ ಗೆಳೆಯನನ್ನು ನಂಬಲಿಲ್ಲ ಎಂಬುದು ಬಡಗಿಗೆ ಗೊತ್ತಿತ್ತು. ಗೆಳೆಯ ತನ್ನನ್ನು ತಾನೇ ನಂಬಿರಲಿಲ್ಲ ಎಂಬುದು ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರೂ ತಿಳಿದಿರಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದ.

"ನನ್ನ ಹತ್ರ ಬೇಡ," ಎಂದ ರಾಕ್ಷಸ. ದನಿ ಏರಿರಲಿಲ್ಲ. "ಒಳಗಿದಾಳಲ್ಲ, ಅವಳಿಗೆ ಹೇಳು. ಈಗಲೇ."

ಗಂಟೆ ಹೊಡೆಯಿತು. ಒಳಗೆ ದೀಪ ಆರಿತು. ಪರದೆಯ ಮೇಲೆ ಮಾಂತ್ರಿಕ ಮಂತ್ರ ಹೇಳುತ್ತ ಗಡ್ಡ ಕಳಚಿಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಬಡಗಿ ಮಗಳ ಕಿವಿಯ ಹತ್ತಿರ ಬಗ್ಗಿದ. ನಗು ಜೋರಾದಾಗ ನಿಲ್ಲಿಸಿ, ತಗ್ಗಿದಾಗ ಮುಂದುವರಿಸಿ, ಒಂದನ್ನೂ ಬಿಡದೆ ಹೇಳಿದ. ಕೈಯಾರೆ ಎಂದಿದ್ದ ಸುಳ್ಳನ್ನೂ ಬಿಡಲಿಲ್ಲ.

ಅವಳು ತಿರುಗಿ ನೋಡಲಿಲ್ಲ. ಪರದೆಯ ಬಣ್ಣಗಳು ಅವಳ ಮುಖದ ಮೇಲೆ ಹಸಿರಾಗಿ, ಕೆಂಪಾಗಿ ಬದಲಾಗುತ್ತಿದ್ದವು.

"ಅಮ್ಮ ತೀರಿಹೋಗಿ ಆರು ವರ್ಷ ಆಯ್ತು, ಮಾವ," ಎಂದಳು.

ಚೀಲ ಎತ್ತಿಕೊಂಡು ಎದ್ದಳು. ಬಡಗಿ ಕಾಲು ಮಡಚಿ ದಾರಿ ಬಿಟ್ಟ. ಅಪ್ಪನ ಮೊಣಕಾಲನ್ನೂ ದಾಟಿ, ಅವನ ಆಚೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು.

ಬಡಗಿಯ ಬಲಗಡೆ ಅವಳು ಬಿಟ್ಟುಹೋದ ಕುರ್ಚಿಯ ಹಲಗೆ ನಿಧಾನವಾಗಿ ಮೇಲೆದ್ದು, ತಾನಾಗಿ ಮಡಚಿಕೊಂಡಿತು.