ಇಂದಿನ ತಪ್ಪು

ಮಗಳು ಶವಪೆಟ್ಟಿಗೆಯೊಳಗೆ ಕೈಹಾಕಿ ಅಪ್ಪನ ಎದೆಯ ಮೇಲಿದ್ದ ಸೌಟನ್ನು ಎತ್ತಿಕೊಂಡಳು.

"ಏನೇ ಮಾಡ್ತಿದೀಯ?" ಸೋದರತ್ತೆ ಅವಳ ಮಣಿಕಟ್ಟು ಹಿಡಿದಳು. "ನಾನೇ ಇಟ್ಟಿದ್ದು ಅದನ್ನ. ಜೀವಮಾನವೆಲ್ಲ ಹಿಡಿದ ಸೌಟು, ಅವನ ಜೊತೇಲೇ ಹೋಗ್ಲಿ ಬಿಡು."

"ಬೇರೆ ಏನಾದ್ರೂ ಇಡಿ ಅತ್ತೆ. ಇದು ಬೇಕು ನನಗೆ."

"ಯಾವಾಗ ಬೇಕು?"

"ಇವತ್ತೇ. ಮಧ್ಯಾಹ್ನದ ಊಟಕ್ಕೆ."

ಹೆಣದ ಮುಂದೆ ಜಗಳ ಆಡಬಾರದೆಂದು ಅತ್ತೆ ಕೈ ಬಿಟ್ಟಳು, ಆದರೆ ಮುಖ ಬಿಗಿದುಕೊಂಡೇ ಇದ್ದಳು. ಮಗಳು ಸೌಟಿನ ಹಸಿರು ಹಿಡಿಯನ್ನು ಸೀರೆಯ ಸೆರಗಿನಿಂದ ಒರೆಸಿ ಚೀಲದೊಳಗೆ ಇಟ್ಟುಕೊಂಡಳು. ಹಿಡಿಯ ಬಣ್ಣ ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದು ಕಬ್ಬಿಣ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಅಪ್ಪ ಬಣ್ಣ ಹಚ್ಚುತ್ತಿದ್ದ. ಈ ವರ್ಷ ಹಚ್ಚಿರಲಿಲ್ಲ.

ಅಪ್ಪ ಶನಿವಾರ ಹೋದದ್ದು. ವಿಶ್ವವಿದ್ಯಾಲಯದ ಮೆಸ್ಸಿನಲ್ಲಿ, ತರಕಾರಿ ಊಟದ ಕೌಂಟರಿನ ಹಿಂದೆ, ಕೊನೆಯ ತಟ್ಟೆಗೆ ಬಡಿಸಿ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದವನು ಒಂದೇ ಬೂಟು ಬಿಚ್ಚಿದ. ಭಾನುವಾರ ಮೆಸ್ಸಿಗೆ ರಜೆ. ಸೋಮವಾರ ಹತ್ತೂವರೆಗೆ ಮಣ್ಣು ಎಂದು ನಿಶ್ಚಯವಾಯಿತು.

ಮೆಸ್ ಮ್ಯಾನೇಜರ್ ದೊಡ್ಡ ಹೂಗುಚ್ಛ ಹಿಡಿದು ಬಂದ. ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತ, ಕಣ್ಣೂ ಒರೆಸಿಕೊಂಡ. ಅದರಲ್ಲಿ ನಾಟಕವೇನೂ ಇರಲಿಲ್ಲ. ಆಮೇಲೆ ಮಗಳನ್ನು ಕಿಟಕಿಯ ಹತ್ತಿರ ಕರೆದ.

"ಇವತ್ತು ನೀವು ಕೌಂಟರ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ದೊಡ್ಡ ಒಲೆಯಿಂದಾನೇ ಒಂದು ಪಾತ್ರೆ ಆ ಕಡೆ ಇಡಿಸ್ತೀನಿ. 'ಸಸ್ಯಾಹಾರ' ಅಂತ ಚೀಟಿ ಅಂಟಿಸಿದ್ರಾಯ್ತು."

"ನಾನು ನಿನ್ನೆ ಸಾಯಂಕಾಲ ಹೋಗಿ ಬೀನ್ಸ್ ನೆನೆಸಿ ಬಂದಿದೀನಿ. ಹನ್ನೆರಡಕ್ಕೆ ಬರ್ತೀನಿ."

"ಅಪ್ಪನ್ನ ಮಣ್ಣು ಮಾಡಿ ಬಂದು ಸೌಟು ಹಿಡೀತೀರಾ? ಜನ ಏನಂತಾರೆ?"

"ಜನಕ್ಕೆ ಹಸಿವಾಗುತ್ತೆ, ಅಷ್ಟೆ."

"ನೋಡಿ, ಇವತ್ತು ಊಟದ ಕಮಿಟಿಯವರೂ ಬರ್ತಾರೆ. ಒಂದು ದಿನ ಒಂದೇ ಅಡುಗೆಮನೆಯಿಂದ ನಡೆಸಿ ನೋಡೋಣ. ಹುಡುಗರು ಯಾರೂ ಗೊಣಗದಿದ್ರೆ…" ಅವನು ಮಾತು ಮುಗಿಸಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವನೇ.

ಮುಗಿಸುವ ಅಗತ್ಯವೂ ಇರಲಿಲ್ಲ. ಎರಡು ವರ್ಷದಿಂದ ಅವನ ಬಾಯಲ್ಲಿ ಅದೇ ಮಾತು: ಮಾಂಸದೂಟಕ್ಕೂ ತರಕಾರಿ ಊಟಕ್ಕೂ ಒಂದೇ ಒಲೆ, ಎರಡು ಚೀಟಿ. ಅಪ್ಪ ಇರುವತನಕ ಆ ಮಾತು ಕೌಂಟರ್ ದಾಟಿ ಒಳಗೆ ಬಂದಿರಲಿಲ್ಲ. ಈಗ ಗಾಳಿ ಬಂದಾಗ ತೂರಿಕೊಳ್ಳುತ್ತಿದ್ದಾನೆ. ಇವತ್ತೊಂದು ದಿನ ತಾನು ಅಲ್ಲಿ ನಿಲ್ಲದಿದ್ದರೆ ನಾಳೆ ನಿಲ್ಲಲು ಕೌಂಟರೇ ಇರುವುದಿಲ್ಲ ಎಂದು ಮಗಳಿಗೆ ಗೊತ್ತಿತ್ತು. ಅಳುವುದಕ್ಕೆ ರಾತ್ರಿ ಇದೆ ಎಂದುಕೊಂಡು ಪೆಟ್ಟಿಗೆಯ ಮುಚ್ಚಳ ಹಾಕಲು ಹೇಳಿದಳು.

*

ಎಂಟು ವರ್ಷದ ಹಿಂದೆ ಅವಳು ಅದೇ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದ ದಿನ, ಅಪ್ಪ ಅವಳಿಗೆ ಚಾಕು ಕೊಡುವ ಮೊದಲು ಒಂದು ಕತೆ ಹೇಳಿದ್ದ. ತನ್ನದೇ ಕತೆ.

ಅದಕ್ಕೂ ಹನ್ನೊಂದು ವರ್ಷ ಹಿಂದಿನ ಮಾತು. ಆಗ ತರಕಾರಿ ಕೌಂಟರಿಗೆ ಬೇರೆ ಒಲೆ ಇರಲಿಲ್ಲ. ದೊಡ್ಡ ಒಲೆಯ ಮೂಲೆಯಲ್ಲೊಂದು ಪಾತ್ರೆ, ಅಷ್ಟೆ. ಅಪ್ಪನೇನು ಶಾಕಾಹಾರಿಯಲ್ಲ, ಮೀನು ಕಂಡರೆ ಬೆಕ್ಕಿನ ಹಾಗೆ ಆಡುತ್ತಿದ್ದವನು. ಹಾಗಾಗಿ ತರಕಾರಿ ಮಾತ್ರ ತಿನ್ನುವವರ ಮೇಲೆ ಅವನಿಗೆ ಒಳಗೊಳಗೇ ಕನಿಕರ. ಒಂದು ದಿನ ಬೀನ್ಸ್ ಸೂಪು ಸಪ್ಪೆ ಎನಿಸಿತು. ಪಕ್ಕದಲ್ಲೇ ಮೂಳೆ ಬೇಯುತ್ತಿದ್ದ ಹಂಡೆ. ಅದರಿಂದ ಒಂದೇ ಒಂದು ಸೌಟು ತೆಗೆದು ಸೂಪಿಗೆ ಸುರಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ.

ಗಣಿತ ಓದುತ್ತಿದ್ದ ಒಬ್ಬ ಹುಡುಗಿ ಎರಡನೇ ಸಲ ಬಟ್ಟಲು ಹಿಡಿದು ಬಂದಳು. ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳು. "ಇವತ್ತಿನ ಸೂಪು ನಮ್ಮಮ್ಮ ಮಾಡಿದ್ದಕ್ಕಿಂತ ಚೆನ್ನಾಗಿದೆ" ಎಂದಳು.

"ಆ ಮಾತು ಕೇಳಿ ಸೌಟು ಕೆಳಗಿಟ್ಟುಬಿಟ್ಟೆ," ಎಂದಿದ್ದ ಅಪ್ಪ. "ಅವಳು ಬೈದಿದ್ರೆ ತಡಕೋತಿದ್ದೆ. ಹೊಗಳಿಬಿಟ್ಟಳು."

ಮರುದಿನ ಅವನು ಎಲ್ಲರೆದುರು ಅವಳಿಗೆ ನಿಜ ಹೇಳಿದ. ಅವಳು ಕೂಗಾಡಲಿಲ್ಲ. ತಟ್ಟೆಯನ್ನು ಕೌಂಟರಿನ ಮೇಲಿಟ್ಟು ಹೊರಟುಹೋದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಪ್ಪನ ಮಾನ ಹೋದದ್ದು ಒಂದು ಸೌಟಿಗೆ. ಹನ್ನೊಂದು ತಿಂಗಳು ಆ ಹುಡುಗಿ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೌಂಟರಿನ ಕಿಟಕಿಯಿಂದ ಆ ಮೆಟ್ಟಿಲು ಕಾಣುತ್ತಿತ್ತು.

ಆ ಹನ್ನೊಂದು ತಿಂಗಳಲ್ಲಿ ಅಪ್ಪ ಹಟ ಹಿಡಿದು ಬೇರೆ ಒಲೆ ಹಾಕಿಸಿದ. ಬೇರೆ ಪಾತ್ರೆ, ಬೇರೆ ಚಾಕು, ಎಲ್ಲದರ ಹಿಡಿಗೂ ಹಸಿರು ಬಣ್ಣ. ತರಗತಿಯಿಂದ ಎಸೆದಿದ್ದ ಹಳೆಯ ಕರಿಹಲಗೆಯೊಂದನ್ನು ಹೊತ್ತು ತಂದು ಕೌಂಟರಿನ ಪಕ್ಕ ನೇತುಹಾಕಿದ. ಪಾತ್ರೆಗೆ ಏನೇನು ಬಿತ್ತೋ ಅದಷ್ಟನ್ನೂ, ಎಣ್ಣೆ ಉಪ್ಪಿನ ಸಮೇತ, ಅಡುಗೆ ಮುಗಿದ ಮೇಲೆ ಬೇಯಿಸಿದವರೇ ಬರೆಯಬೇಕು. ಮೊದಲೇ ಬರೆಯುವಂತಿಲ್ಲ, ಮೊದಲೇ ಬರೆದದ್ದು ಆಸೆ, ಆಮೇಲೆ ಬರೆದದ್ದು ಲೆಕ್ಕ ಎನ್ನುತ್ತಿದ್ದ. ಕೆಳಗಿನ ಸಾಲನ್ನು ಬಿಳಿ ಬಣ್ಣದಲ್ಲಿ ಅಳಿಸದಂತೆ ಬರೆಸಿದ್ದ: 'ಇಂದಿನ ತಪ್ಪು'. ಅದರ ಮುಂದಿನ ಜಾಗ ದಿನವೂ ತುಂಬಬೇಕು.

ಕೊನೆಗೊಂದು ದಿನ ಆ ಹುಡುಗಿ ಬಂದಳು. ಹಲಗೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಆ ದಿನದ ತಪ್ಪು, 'ಅನ್ನ ತಳ ಹಿಡಿದಿದೆ.' ಅವಳು ತಟ್ಟೆ ಚಾಚಿದಳು. ಬಡಿಸುವಾಗ ತನ್ನ ಸೌಟಿನಿಂದ ಅರ್ಧ ಅನ್ನ ಕೌಂಟರಿನ ಮೇಲೆ ಚೆಲ್ಲಿತು ಎಂದು ಅಪ್ಪ ಹೇಳಿದ್ದ.

"ನನ್ನ ಮುಖ ನೋಡಿ ತಿನ್ನಬಾರದು ಕಣೇ, ಬೋರ್ಡು ಓದಿ ತಿನ್ನಬೇಕು," ಎಂದು ಕತೆ ಮುಗಿಸಿ ಅವಳ ಕೈಗೆ ಹಸಿರು ಹಿಡಿಯ ಚಾಕು ಕೊಟ್ಟಿದ್ದ.

*

ಮಣ್ಣು ಮಾಡುವಲ್ಲಿ ನೆಂಟರಿಗಿಂತ ವಿದ್ಯಾರ್ಥಿಗಳೇ ಹೆಚ್ಚಿದ್ದರು. ಪುಸ್ತಕದ ಚೀಲ ಬೆನ್ನಿಗೆ ಹಾಕಿಕೊಂಡೇ ಬಂದಿದ್ದರು. ಅಪ್ಪನಿಗೆ ಅವರು ಇಟ್ಟ ಹೆಸರು ಬೋರ್ಡಜ್ಜ. ಗುಂಡಿ ಮುಚ್ಚುವಾಗ ಒಬ್ಬ ತೆಳ್ಳಗಿನ ವಿದ್ಯಾರ್ಥಿ ಮುಂದೆ ಬಂದು ಬೋರ್ಡಿನ ಹಳೆಯ ಸಾಲೊಂದನ್ನು ನೆನಪಿನಿಂದ ಹೇಳಿದ.

"ಇಂದಿನ ತಪ್ಪು. ಬಟಾಣಿ ಕಲ್ಲಿನಂತಿದೆ. ಹಲ್ಲು ಗಟ್ಟಿ ಇರುವವರು ಮಾತ್ರ ಬನ್ನಿ."

ಹಿಂದಿನಿಂದ ಇನ್ನೊಬ್ಬಳು, "ಇಂದಿನ ತಪ್ಪು. ಉಪ್ಪು ಎರಡು ಸಲ ಬಿದ್ದಿದೆ. ನಾನು ಹಾಕಿದ್ದು ಮಗಳಿಗೆ, ಮಗಳು ಹಾಕಿದ್ದು ನನಗೆ ತಿಳಿಯಲಿಲ್ಲ."

"ಇಂದಿನ ತಪ್ಪು. ಆಲೂಗೆಡ್ಡೆ ಕರಟಿದೆ. ರೇಡಿಯೋದಲ್ಲಿ ಆಟ ರೋಚಕವಾಗಿತ್ತು."

ಜನ ನಕ್ಕರು. ನಗುತ್ತಲೇ ಕೆಲವರು ಅತ್ತರು. ಅತ್ತೆ ಬಗ್ಗಿ ಮಗಳ ಕಿವಿಯಲ್ಲಿ, "ಮನೇಲಿ ಒಂದು ದಿನಾನೂ ತಪ್ಪು ಒಪ್ಪಿಕೊಂಡವನಲ್ಲ ಇವನು" ಎಂದಳು.

"ಅದಕ್ಕೇ ಇರ್ಬೇಕು ಅತ್ತೆ, ಎಲ್ಲಾ ಅಲ್ಲಿ ಖರ್ಚಾಗಿಬಿಡ್ತಿತ್ತು."

ಅತ್ತೆ ಬೆಳಗಿನಿಂದ ಮೊದಲ ಸಲ ನಕ್ಕಳು. ಆಮೇಲೆ ಸುತ್ತ ನೋಡಿ, "ಆ ದೊಡ್ಡ ಒಲೆ ಅಡುಗೆಯವನು ಎಲ್ಲೇ? ಮೂವತ್ತು ವರ್ಷದ ಸ್ನೇಹ, ಒಂದು ಹಿಡಿ ಮಣ್ಣು ಹಾಕೋಕೆ ಬರಬಾರದಾ?" ಎಂದಳು.

"ಅಡುಗೆ ಮಾಡ್ತಿದಾರೆ ಅತ್ತೆ. ಇವತ್ತು ಎರಡೂ ಪಾತ್ರೆ ಅವರದೇ."

ಮರದ ಕೆಳಗೆ ಒಂಟಿಯಾಗಿ ನಿಂತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಕಿವಿಯ ಪಕ್ಕ ಕೂದಲು ನರೆತಿತ್ತು. ಹತ್ತೊಂಬತ್ತು ವರ್ಷದ ಹಿಂದಿನ ಆ ಹುಡುಗಿಯೇ, ಈಗ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಗಣಿತದ ಮೇಡಂ. ಅವಳು ಸಮಾಧಾನದ ಮಾತೇನೂ ಆಡಲಿಲ್ಲ.

"ಇವತ್ತು ಕೌಂಟರ್ ಇದೆಯಾ?" ಎಂದು ಕೇಳಿದಳು.

"ಇದೆ," ಎಂದಳು ಮಗಳು.

*

ಮೆಸ್ಸಿಗೆ ಬರುವಾಗ ಹನ್ನೆರಡೂ ಕಾಲು. ಕೌಂಟರಿನ ಮೇಲೆ ಆಗಲೇ ಒಂದು ಪಾತ್ರೆ ಹಬೆಯಾಡುತ್ತಿತ್ತು. ಅದರ ಹೊಟ್ಟೆಗೆ 'ಶುದ್ಧ ಸಸ್ಯಾಹಾರ' ಎಂದು ಅಚ್ಚುಹಾಕಿಸಿದ ಚೀಟಿ. ಪಕ್ಕದ ಕರಿಹಲಗೆ ಖಾಲಿಯಾಗಿತ್ತು. ಹತ್ತಿಪ್ಪತ್ತು ವಿದ್ಯಾರ್ಥಿಗಳು ತಟ್ಟೆ ಹಿಡಿದು ನಿಂತಿದ್ದರು.

ಮಗಳು ಮುಚ್ಚಳ ತೆಗೆದಳು. ಬೀನ್ಸ್ ಸೂಪು. ಮೇಲೆ ಸಣ್ಣ ಸಣ್ಣ ಕಣ್ಣುಗಳಂತೆ ಜಿಡ್ಡು ತೇಲುತ್ತಿತ್ತು. ಅವಳೂ ಅಪ್ಪನ ಮಗಳೇ, ಎಲ್ಲವನ್ನೂ ತಿನ್ನುವವಳೇ. ಆ ವಾಸನೆ ಅವಳ ಮೂಗಿಗೆ ಚೆನ್ನಾಗಿಯೇ ಗೊತ್ತಿತ್ತು. ಮುಚ್ಚಳವನ್ನು ಮತ್ತೆ ಹಾಕಿ, "ಯಾರೂ ಬಡಿಸ್ಕೋಬೇಡಿ, ಬಂದೆ" ಎಂದು ದೊಡ್ಡ ಒಲೆಯ ಕಡೆ ನಡೆದಳು.

ದೊಡ್ಡ ಒಲೆಯವನ ಕಣ್ಣುಗಳು ಅತ್ತು ಊದಿಕೊಂಡಿದ್ದವು.

"ಚಿಕ್ಕಪ್ಪ, ಆ ಸೂಪಿಗೆ ಏನೇನು ಹಾಕಿದ್ರಿ?"

"ಬೀನ್ಸು, ಕ್ಯಾರೆಟ್ಟು, ಈರುಳ್ಳಿ."

"ಆಮೇಲೆ?"

"ಉಪ್ಪು. ಮೆಣಸು."

"ಆಮೇಲೆ, ಚಿಕ್ಕಪ್ಪ?"

ಅವನು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದ. "ಒಂದೇ ಸೌಟು ಕಣಮ್ಮ. ಸಪ್ಪೆ ಇತ್ತು. ಕಮಿಟಿಯವರು ಬರ್ತಾರೆ, ರುಚಿಯಾಗಿರ್ಲಿ ಅಂತ ಮ್ಯಾನೇಜರ್ ಹೇಳಿದ್ರು. ಅದೂ ಹೋಗ್ಲಿ, ನಿಮ್ಮಪ್ಪನ ದಿನ ಸಪ್ಪೆ ಬಡಿಸೋಕೆ ನಂಗೇ ಮನಸ್ಸು ಬರ್ಲಿಲ್ಲ."

ಮಗಳಿಗೆ ಕಣ್ಣಲ್ಲಿ ನೀರು ಬರುವಷ್ಟು ಕೋಪ ಬಂತು. ಬಾಯಿಗೆ ಬಂದ ಮಾತು ಆಡಿಬಿಡುತ್ತಿದ್ದಳೋ ಏನೋ. ಆದರೆ ಅವನ ಮುಖದಲ್ಲಿ ಅವಳಿಗೆ ಹತ್ತೊಂಬತ್ತು ವರ್ಷದ ಹಿಂದಿನ ಅಪ್ಪ ಕಂಡ. ಅದೇ ಸೂಪು, ಅದೇ ಒಂದು ಸೌಟು, ಅದೇ ಒಳ್ಳೆಯ ಮನಸ್ಸು. ಅವಳು ಅವನ ಕೈ ಹಿಡಿದು ಕೌಂಟರಿನ ತನಕ ಕರೆದುಕೊಂಡು ಬಂದಳು. ಹಲಗೆಯ ಚೌಕಟ್ಟಿನ ಮೇಲಿದ್ದ ಸೀಮೆಸುಣ್ಣದ ಕಡ್ಡಿಯನ್ನು ಅವನ ಅಂಗೈಯಲ್ಲಿಟ್ಟಳು.

"ಬೇಯಿಸಿದವರೇ ಬರೀಬೇಕು ಚಿಕ್ಕಪ್ಪ."

ಮ್ಯಾನೇಜರ್ ಓಡಿಬಂದ. ವಿಷಯ ತಿಳಿದು ಅವನ ಮುಖ ಬಿಳಿಚಿಕೊಂಡಿತು. ತಗ್ಗಿದ ದನಿಯಲ್ಲಿ, "ಗಲಾಟೆ ಬೇಡ. ಪಾತ್ರೆ ಸುಮ್ಮನೆ ಒಳಗೆ ತಗೊಂಡು ಹೋಗಿ. ಯಾರೂ ತಿಂದಿಲ್ವಲ್ಲ" ಎಂದ.

"ತಿನ್ನೋರಿದ್ರಲ್ಲ ಸಾರ್."

"ಬರೆದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಕಮಿಟಿಯವರು ಆ ಮೇಜಲ್ಲೇ ಕೂತಿದಾರೆ!"

"ಗೊತ್ತಾಗ್ಲಿ ಅಂತಾನೇ ಸಾರ್ ಬೋರ್ಡು ಇರೋದು. ಇಲ್ದಿದ್ರೆ ಚೀಟಿ ಸಾಕಿತ್ತು."

ದೊಡ್ಡ ಒಲೆಯವನು ಇಬ್ಬರನ್ನೂ ನೋಡಿದ. ಸರದಿಯಲ್ಲಿದ್ದವರನ್ನು ನೋಡಿದ. ಆಮೇಲೆ ಬಗ್ಗಿ, ಕೊನೆಯ ಸಾಲಿನ ಮುಂದೆ ದಪ್ಪ ಸೊಟ್ಟ ಅಕ್ಷರಗಳಲ್ಲಿ ಬರೆದ: 'ಈ ಸೂಪಿಗೆ ಮೂಳೆ ಬೇಯಿಸಿದ ನೀರು ಒಂದು ಸೌಟು ಹಾಕಿದೆ. ಹಾಕಿದವನು ನಾನು.'

ಸರದಿಯಲ್ಲಿ ಗುಜುಗುಜು ಎದ್ದಿತು. ಕಮಿಟಿಯ ಮೇಜಿನಿಂದ ಬಿಳಿ ಕೂದಲಿನ ಅಧ್ಯಕ್ಷೆ ಎದ್ದುಬಂದು ಕನ್ನಡಕ ಏರಿಸಿ ಓದಿದಳು. ಹಲಗೆಯನ್ನು ಓದಿ ಮ್ಯಾನೇಜರನ ಕಡೆ ತಿರುಗಿದಳು.

"ಇಂಥದ್ದೊಂದು ಬೋರ್ಡು ದೊಡ್ಡ ಒಲೆ ಹತ್ರ ಯಾಕಿಲ್ಲ?"

ಮ್ಯಾನೇಜರ್ ಪಾತ್ರೆಯ ಹೊಟ್ಟೆಗೆ ಅಂಟಿದ್ದ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದ. ಗೋಂದು ಗಟ್ಟಿಯಿತ್ತು, ತುಂಡು ತುಂಡಾಗಿ ಬಂತು.

ಮಗಳು ಸರದಿಯ ಕಡೆ ತಿರುಗಿ ದನಿಯೆತ್ತಿದಳು. "ನೆನೆಸಿದ ಬೀನ್ಸ್ ಇದೆ. ನಲವತ್ತು ನಿಮಿಷ ಬೇಕು. ಕಾಯೋರು ಕಾಯಿರಿ. ಪಾಠ ಇರೋರು ಬ್ರೆಡ್ಡು, ಹಣ್ಣು ತಗೊಂಡು ಹೋಗಿ, ಬೇಜಾರಿಲ್ಲ."

ಏಳೆಂಟು ಜನ ಹೋದರು. ಉಳಿದವರು ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ನಿಂತರು. ಅವಳು ತನ್ನ ಒಲೆ ಹಚ್ಚಿದಳು. ದೊಡ್ಡ ಒಲೆಯವನು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಕೇಳದೆಯೇ ಈ ಕಡೆ ಬಂದು, ಹಸಿರು ಹಿಡಿಯ ಚಾಕು ತೆಗೆದುಕೊಂಡು ಈರುಳ್ಳಿ ಹೆಚ್ಚತೊಡಗಿದ. ಅವನ ಕಣ್ಣೀರಿಗೆ ಈಗ ನೆಪ ಸಿಕ್ಕಿತ್ತು. ಜೊತೆಗೇ ಬಂದಿದ್ದ ಅತ್ತೆ ಸಾವಿನ ಮನೆಯ ಸೀರೆಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಆಲೂಗೆಡ್ಡೆ ಸುಲಿಯಲು ಕೂತಳು.

"ಒಂದು ಮೀನಿನ ತುಂಡಿಲ್ಲದ ಊಟಕ್ಕೆ ಇಷ್ಟು ರಾದ್ಧಾಂತ," ಎಂದು ಗೊಣಗಿದಳು. "ದಪ್ಪ ಸುಲೀಲಾ, ತೆಳ್ಳಗೆ ಸುಲೀಲಾ?"

"ತೆಳ್ಳಗೆ, ಅತ್ತೆ."

ಒಂದೂ ಹತ್ತಕ್ಕೆ ಪಾತ್ರೆ ಇಳಿಯಿತು. ಮಗಳು ಕೈ ಒರೆಸಿಕೊಂಡು ಹಲಗೆಯ ಮುಂದೆ ನಿಂತಳು. ಬೀನ್ಸು, ಆಲೂಗೆಡ್ಡೆ, ಈರುಳ್ಳಿ, ಕ್ಯಾರೆಟ್ಟು, ಎಣ್ಣೆ, ಮೆಣಸು, ಉಪ್ಪು, ನೀರು. ದೊಡ್ಡ ಒಲೆಯವನ ಸಾಲನ್ನು ಅವಳು ಅಳಿಸಲಿಲ್ಲ. ಅದರ ಕೆಳಗೆ, ಚೌಕಟ್ಟಿಗೆ ತಾಗುವಂತೆ ಉಳಿದಿದ್ದ ಚೂರು ಜಾಗದಲ್ಲಿ ತನ್ನದನ್ನು ಬರೆದಳು: 'ಆಲೂಗೆಡ್ಡೆ ನಡುವೆ ಇನ್ನೂ ಗಟ್ಟಿ. ಅಡುಗೆಯವಳು ಇವತ್ತು ತಡವಾಗಿ ಬಂದಳು.'

ಸರದಿಯ ಮೊದಲಲ್ಲಿ ಗಣಿತದ ಮೇಡಂ ಇದ್ದಳು. ಚಪ್ಪಲಿಗೆ ಹಸಿಮಣ್ಣು ಮೆತ್ತಿತ್ತು. ಹಿಂದೆ ಕಾದಿದ್ದವರನ್ನು ಲೆಕ್ಕಿಸದೆ ಅವಳು ಹಲಗೆಯ ಮುಂದೆ ನಿಂತು ಮೊದಲ ಸಾಲಿನಿಂದ ಓದಿದಳು. ಉಪ್ಪು ಓದಿದಳು, ನೀರು ಓದಿದಳು. ಕೊನೆಯ ಎರಡು ಸಾಲನ್ನು ಬಗ್ಗಿ ಓದಿದಳು. ಯಾರೂ ಅವಳಿಗೆ ಬೇಗ ಎನ್ನಲಿಲ್ಲ.

ಆಮೇಲೆ ತಟ್ಟೆ ಚಾಚಿದಳು. ಮಗಳು ಚೀಲದಿಂದ ಸೌಟು ತೆಗೆದು, ತೊಳೆದು, ಸವೆದ ಜಾಗದಲ್ಲಿ ಹೆಬ್ಬೆರಳಿಟ್ಟು, ಪಾತ್ರೆಯ ತಳದವರೆಗೆ ಇಳಿಸಿ ತುಂಬಿ ಎತ್ತಿದಳು. ಒಂದು ಹನಿಯೂ ಚೆಲ್ಲಲಿಲ್ಲ.